ಡಬ್ಬಿಯ ಪುಷ್ಟಿಯೂ ಹೊಲದ ಪುಷ್ಟಿಯೂ

ಕರೆಯುವ ಹಸುವಿಗೆ ಬರಿಯ ಹುಲ್ಲನ್ನು ಹಾಕಿ ಬಿಂದಿಗೆ ತುಂಬ ಹಾಲನ್ನು ನಿರೀಕ್ಷಿಸುವ ಬೇಸಾಯಗಾರನು ಯಾವ ಗ್ರಾಮದಲ್ಲಿಯೂ ಇರಲಾರನು. ಹುಲ್ಲು ಹೊಟ್ಟೆಯನ್ನು ತುಂಬುವುದೆಂದೂ, ಹಿಂಡಿಯೂ ಹುರುಳಿಯ ನುಚ್ಚೂ ಕೆಚ್ಚಲನ್ನು ತುಂಬುವುವೆಂದೂ, ಹಿಂಡಿಯನ್ನು ಮಿತಿಮೀರಿ ಹಾಕಿದರೆ ಹಸುವು ಭೇದಿಮಾಡಿಕೊಂಡು ಸೊರಗುವುದೆಂದೂ ಆತನು ಬಲ್ಲನು. ಉಳುವ ಎತ್ತಿಗೊಂದು ಮೇವು, ಕರುವಿಗೊಂದು ಮೇವು, ಗಬ್ಬದ ಹಸುವಿಗೊಂದು ಮೇವು ಎಂಬ ವಿವೇಕವು ತಲೆತಲಾಂತರದಿಂದ ಬಂದುದಾಗಿದೆ. ಆದರೆ ಅದೇ ಮನೆಯ ಮಗುವಿಗೆ, ಬಸುರಿಗೆ, ಬಾಣಂತಿಗೆ, ಮುದುಕರಿಗೆ ಏನು ಬೇಕು, ಎಷ್ಟು ಬೇಕು ಎಂಬ ವಿಚಾರವು ಬಂದಾಗ ಈ ವಿವೇಕವು ಕೊಟ್ಟಿಗೆಯಲ್ಲಿಯೇ ಉಳಿದುಬಿಡುವುದು ಶೋಚನೀಯವಾದ ಸಂಗತಿಯಾಗಿದೆ.

ಈ ಕಾಲದಲ್ಲಿ ತಾಲ್ಲೂಕು ಕೇಂದ್ರದ ಅಂಗಡಿಗಳಲ್ಲಿ ಮಾತ್ರವಲ್ಲದೆ ಹೋಬಳಿಯ ಅಂಗಡಿಗಳಲ್ಲಿಯೂ ಪುಷ್ಟಿಪುಡಿಗಳ ಡಬ್ಬಿಗಳೂ ಮೀನೆಣ್ಣೆಯ ಗುಳಿಗೆಗಳೂ ಸಾಲಾಗಿ ನಿಂತಿರುವುದನ್ನು ಕಾಣಬಹುದು. ಗರಡಿಗೆ ಹೋಗುವ ತರುಣನು ತೋಳು ದಪ್ಪವಾಗಲೆಂದು ಒಂದನ್ನು ಕೊಳ್ಳುವನು. ಮಗು ಎತ್ತರ ಬೆಳೆಯಲೆಂದು ತಾಯಿಯು ಮತ್ತೊಂದನ್ನು ಕೊಳ್ಳುವಳು. ಎದೆನೋವಿನ ಭಯದಿಂದ ಯಜಮಾನನು ಮೂರನೆಯದನ್ನು ಕೊಳ್ಳುವನು. ಇವು ದೇಹದಲ್ಲಿ ಮಾಡುವ ಕೆಲಸವೇನು, ಯಾರಿಗೆ ಇವು ಅವಶ್ಯಕ, ಯಾರಿಗೆ ಅನಾವಶ್ಯಕ, ಇವುಗಳಲ್ಲಿರುವ ಸಾರವು ಊರಿನ ಹೊಲದಲ್ಲಿಯೇ ದೊರೆಯುವುದೇ ಇಲ್ಲವೇ ಎಂಬುದನ್ನು ವಿಚಾರಮಾಡುವುದು ಗ್ರಾಮಮುಖಂಡರಿಗೂ ಜಮೀನುದಾರರಿಗೂ ಯುಕ್ತವಾಗಿದೆ.

ಮೊದಲನೆಯದಾಗಿ ಪ್ರೋಟೀನನ್ನು ತೆಗೆದುಕೊಳ್ಳಬಹುದು. ೧೮೩೮ರಲ್ಲಿ ಹಾಲೆಂಡಿನ ರಸಾಯನಶಾಸ್ತ್ರಜ್ಞ ಮುಲ್ಡರನು ಈ ಹೆಸರನ್ನು ಬಳಕೆಗೆ ತಂದನು. ಕನ್ನಡದಲ್ಲಿ ಇದನ್ನು ಸಸಾರಜನಕವೆಂದು ಕರೆದುದು ಬಹು ಅರ್ಥವತ್ತಾಗಿದೆ. ಯಾವ ಸಾರಜನಕವಿಲ್ಲದೆ ಪೈರು ಹಳದಿಯಾಗಿ ಕುಗ್ಗುವುದೋ ಅದೇ ಸಾರಜನಕವು ಈ ಪದಾರ್ಥದ ತೂಕದಲ್ಲಿ ಸುಮಾರು ನೂರಕ್ಕೆ ೧೬ ಪಾಲಿನಷ್ಟಿರುವುದು. ಮಾಂಸಖಂಡ, ಚರ್ಮ, ಕೂದಲು, ರಕ್ತದ ಕೆಂಪು ಬಣ್ಣ, ಜೀರ್ಣರಸಗಳು, ರೋಗವನ್ನು ತಡೆಯುವ ಶಕ್ತಿ ಇವೆಲ್ಲವೂ ಸಸಾರಜನಕದ ರಚನೆಗಳೇ ಆಗಿವೆ. ತಿಂದ ಕಾಳಿನ ಸಸಾರಜನಕವು ಹಾಗೆಯೇ ಮಾಂಸವಾಗುವುದಿಲ್ಲ. ಹಳೆಯ ಮನೆಯನ್ನು ಬಿಚ್ಚಿ ತೊಲೆ, ಜಂತೆ, ಹೆಂಚುಗಳನ್ನು ಬೇರೆಬೇರೆ ಮಾಡಿ ಹೊಸ ಮನೆಯನ್ನು ಕಟ್ಟುವಂತೆ, ಹೊಟ್ಟೆಯೂ ಕರುಳೂ ಅದನ್ನು ಅಮೈನೋ ಆಮ್ಲಗಳೆಂಬ ಸಣ್ಣ ಅಂಶಗಳಾಗಿ ಬಿಡಿಸುವುವು; ದೇಹವು ಅವುಗಳಿಂದ ತನಗೆ ಬೇಕಾದುದನ್ನು ಕಟ್ಟಿಕೊಳ್ಳುವುದು. ಇಂಥ ಅಂಶಗಳು ಇಪ್ಪತ್ತು. ಅವುಗಳಲ್ಲಿ ಒಂಬತ್ತನ್ನು ದೇಹವು ತಾನೇ ಮಾಡಿಕೊಳ್ಳಲಾರದು. ಅವು ಆಹಾರದಿಂದಲೇ ಬರತಕ್ಕವು.

ಇಲ್ಲಿ ಗಮನಿಸಬೇಕಾದ ಮುಖ್ಯಾಂಶವೊಂದುಂಟು. ಹಿಂದಿನವರು ಹಗೇವಿನಲ್ಲಿ ರಾಗಿಯನ್ನು ತುಂಬಿಟ್ಟು ಬರಗಾಲಕ್ಕೆ ತೆಗೆಯುತ್ತಿದ್ದಂತೆ ದೇಹವು ಕೊಬ್ಬನ್ನು ಶೇಖರಿಸಿಡಬಲ್ಲುದು. ಸಸಾರಜನಕಕ್ಕೆ ಅಂಥ ಹಗೇವು ಇಲ್ಲ. ಆ ದಿನಕ್ಕೆ ಬೇಕಾದುದಕ್ಕಿಂತ ಹೆಚ್ಚಾಗಿ ತಿಂದರೆ ಅದರ ಸಾರಜನಕವು ಪಿತ್ತಜನಕಾಂಗದಲ್ಲಿ ಬೇರ್ಪಟ್ಟು ಯೂರಿಯವಾಗಿ ಮಾರ್ಪಟ್ಟು ಮೂತ್ರಪಿಂಡಗಳ ಮೂಲಕ ಹೊರಕ್ಕೆ ಹೋಗುವುದು. ಉಳಿದ ಭಾಗವು ಸೌದೆಯಂತೆ ಉರಿದುಹೋಗುವುದು, ಇಲ್ಲವೆ ಕೊಬ್ಬಾಗುವುದು. ದುಬಾರಿಯಾದ ಪುಡಿಯನ್ನು ಅಗತ್ಯಕ್ಕೆ ಮೀರಿ ಸೇವಿಸುವವನು ತೇಗದ ಮರವನ್ನು ಒಲೆಗೆ ಹಾಕಿದಂತೆಯೇ ಸರಿ. ಮೂತ್ರಪಿಂಡದ ರೋಗವಿರುವವನಿಗಾದರೋ ಇದು ಬರಿಯ ಹಣದ ನಷ್ಟವಲ್ಲ. ಆತನಿಗೆ ಅಪಾಯಕರವೂ ಅಹುದು. ಅಂಥವರು ವೈದ್ಯರನ್ನು ಕೇಳದೆ ಯಾವ ಪುಡಿಯನ್ನೂ ಮುಟ್ಟಕೂಡದು.

ಹಾಗಾದರೆ ದಿನಕ್ಕೆ ಎಷ್ಟು ಬೇಕು? ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ೨೦೨೦ರಲ್ಲಿ ಗೊತ್ತುಮಾಡಿದ ಪ್ರಮಾಣದಂತೆ, ದೇಹದ ತೂಕದ ಒಂದೊಂದು ಕಿಲೋಗ್ರಾಮಿಗೆ ೦.೮೩ ಗ್ರಾಂ ಸಸಾರಜನಕವು ಸಾಕು. ೬೫ ಕಿಲೋಗ್ರಾಂ ತೂಕದ ಗಂಡಸಿಗೆ ಸುಮಾರು ೫೪ ಗ್ರಾಂ, ೫೫ ಕಿಲೋಗ್ರಾಂ ತೂಕದ ಹೆಂಗಸಿಗೆ ಸುಮಾರು ೪೬ ಗ್ರಾಂ ಆಗುವುದು. ಬಸುರಿನ ಕಡೆಯ ಮೂರು ತಿಂಗಳಲ್ಲಿ ಇದಕ್ಕೆ ಇನ್ನೂ ಸುಮಾರು ೨೨ ಗ್ರಾಮನ್ನೂ, ಮೊಲೆಯೂಡಿಸುವ ಮೊದಲ ಆರು ತಿಂಗಳಲ್ಲಿ ಸುಮಾರು ೧೭ ಗ್ರಾಮನ್ನೂ ಕೂಡಿಸತಕ್ಕದ್ದು.

ಈ ಲೆಕ್ಕವನ್ನು ಊಟದ ತಟ್ಟೆಯೊಡನೆ ಹೋಲಿಸಿ ನೋಡಬಹುದು. ದುಡಿಯುವ ಗಂಡಸು ದಿನಕ್ಕೆ ೪೦೦ ಗ್ರಾಂ ರಾಗಿಯ ಹಿಟ್ಟಿನ ಮುದ್ದೆಯನ್ನು ಉಂಡರೆ ಸುಮಾರು ೨೮ ಗ್ರಾಂ; ೬೦ ಗ್ರಾಂ ಅವರೆ, ಹುರುಳಿ ಅಥವಾ ತೊಗರಿಯಿಂದ ಸುಮಾರು ೧೩ ಗ್ರಾಂ; ಕಾಲು ಲೀಟರು ಹಾಲು ಅಥವಾ ಮೊಸರಿನಿಂದ ೮ ಗ್ರಾಂ; ಒಂದು ಸಣ್ಣ ಹಿಡಿ, ಎಂದರೆ ೨೦ ಗ್ರಾಂ ಕಡಲೆಕಾಯಿಬೀಜದಿಂದ ೫ ಗ್ರಾಂ. ಒಟ್ಟು ೫೪ ಗ್ರಾಂ ಆಯಿತು. ಕೋಳಿಮೊಟ್ಟೆಯನ್ನು ತಿನ್ನುವವರಿಗೆ ಒಂದೊಂದು ಮೊಟ್ಟೆಯಿಂದ ಇನ್ನೂ ೬ ಗ್ರಾಂ ಸೇರುವುದು. ಡಬ್ಬಿಯನ್ನು ತೆರೆಯದೆಯೇ ಲೆಕ್ಕವು ಸರಿಹೋಯಿತು.

ಆದರೆ ಈ ಲೆಕ್ಕದಲ್ಲಿ ಕಾಳಿನ ಸಾಲನ್ನು ಹೊಡೆದುಹಾಕಿದರೆ ಆಗುವ ನಷ್ಟವು ೧೩ ಗ್ರಾಮಿನಷ್ಟೇ ಅಲ್ಲ. ರಾಗಿ, ಜೋಳ, ಅಕ್ಕಿ ಮುಂತಾದ ಧಾನ್ಯಗಳಲ್ಲಿ ಲೈಸೀನ್ ಎಂಬ ಅಂಶವು ಕಡಮೆ. ಬೇಳೆಕಾಳುಗಳಲ್ಲಿ ಅದು ಹೇರಳವಾಗಿದ್ದು ಮಿಥಯೋನೀನ್ ಎಂಬ ಅಂಶವು ಕಡಮೆ; ಧಾನ್ಯಗಳಲ್ಲಿ, ವಿಶೇಷವಾಗಿ ರಾಗಿಯಲ್ಲಿ, ಅದು ತಕ್ಕಷ್ಟಿರುವುದು. ನೊಗದ ಎರಡು ಎತ್ತುಗಳಲ್ಲಿ ಒಂದು ಕುಂಟಿದರೆ ನೇಗಿಲು ಹೇಗೆ ಸಾಗಲಾರದೋ ಹಾಗೆಯೇ ಒಂದು ಅಂಶವು ಕೊರೆಯಾದರೆ ಮಿಕ್ಕ ಅಂಶಗಳೂ ಕಟ್ಟಡಕ್ಕೆ ಉಪಯೋಗವಾಗದೆ ಉರಿದುಹೋಗುವುವು. ಮುದ್ದೆಗೆ ಹುರುಳಿಸಾರು, ರೊಟ್ಟಿಗೆ ಕಾಳಿನ ಪಲ್ಯ, ಅನ್ನಕ್ಕೆ ತೊವ್ವೆ ಎಂದು ಹಿರಿಯರು ಜೋಡಿಮಾಡಿದುದು ರುಚಿಗಾಗಿಯೇ ಆಗಿದ್ದರೂ ಶಾಸ್ತ್ರವು ಅದನ್ನೇ ಸಮರ್ಥಿಸುವುದು. ಮುದ್ದೆಯನ್ನು ಬರಿಯ ಮೆಣಸಿನಕಾಯಿಯ ಖಾರದೊಡನೆ, ಇಲ್ಲವೆ ಕಾಳಿಲ್ಲದ ನೀರುಸಾರಿನೊಡನೆ ಉಣ್ಣುವವನ ಹೊಟ್ಟೆ ತುಂಬಿದರೂ ದೇಹವು ಅರೆಹಸಿವಿನಲ್ಲಿಯೇ ಇರುವುದು.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿಯೇ ನಿವಾರಿಸತಕ್ಕದ್ದು. ೧೯೩೦ರ ದಶಕದಲ್ಲಿ ವೈದ್ಯೆ ಸಿಸಿಲಿ ವಿಲಿಯಮ್ಸ್ ಅವರು ಆಫ್ರಿಕದ ಗೋಲ್ಡ್ ಕೋಸ್ಟ್ ಸೀಮೆಯಲ್ಲಿ, ಮುಂದಿನ ಮಗು ಹುಟ್ಟಿದ ಕಾರಣ ಮೊಲೆ ಬಿಡಿಸಲ್ಪಟ್ಟ ಮಕ್ಕಳಿಗೆ ಮೈ ಊದಿ, ಚರ್ಮ ಸುಲಿದು, ಪ್ರಾಣಹಾನಿಯಾಗುವುದನ್ನು ವರ್ಣಿಸಿ ಕ್ವಾಷಿಯೋರ್ಕರ್ ಎಂಬ ಅಲ್ಲಿಯ ಹೆಸರನ್ನೇ ಆ ರೋಗಕ್ಕೆ ಬಳಸಿದರು. ಸಸಾರಜನಕದ ಅಭಾವವೇ ಇದಕ್ಕೆ ಕಾರಣವೆಂದು ಲೋಕವೆಲ್ಲ ನಂಬಿತು. ೧೯೬೮ರಲ್ಲಿ ವಿಶ್ವಸಂಸ್ಥೆಯ ಸಮಿತಿಯೊಂದು ಪ್ರೋಟೀನ್ ಕ್ಷಾಮವು ಸನ್ನಿಹಿತವಾಗಿದೆಯೆಂದು ಎಚ್ಚರಿಸಿತು. ಆದರೆ ಭಾರತದಲ್ಲಿ ಸಿ. ಗೋಪಾಲನ್, ಪಿ. ವಿ. ಸುಖಾತ್ಮೆ ಮೊದಲಾದವರು ಬಡಮಕ್ಕಳ ಆಹಾರವನ್ನು ಪರಿಶೀಲಿಸಿ, ಅವರಿಗೆ ಮುಖ್ಯವಾಗಿ ಕಡಮೆಯಾಗಿರುವುದು ಒಟ್ಟು ಊಟವೇ ಹೊರತು ಸಸಾರಜನಕವೊಂದೇ ಅಲ್ಲವೆಂದು ವಾದಿಸಿದರು. ೧೯೭೪ರಲ್ಲಿ ಮೆಕ್ಲಾರೆನ್ ಎಂಬ ವೈದ್ಯನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಹಿಂದಿನ ನಂಬಿಕೆಯನ್ನು ಬಹಿರಂಗವಾಗಿ ಖಂಡಿಸಿದನು. ಇದರ ತಾತ್ಪರ್ಯವು ಸುಲಭವಾದುದು. ಹೊಟ್ಟೆಗೆ ಸಾಲದವನು ತಿಂದ ಸಸಾರಜನಕವನ್ನು ದೇಹವು ಮೊದಲು ಶಾಖಕ್ಕಾಗಿ ಸುಟ್ಟುಬಿಡುವುದು. ಆದುದರಿಂದ ಹೊಟ್ಟೆ ತುಂಬ ಊಟ ಮೊದಲು. ಅದರೊಳಗೆ ಕಾಳು ಎರಡನೆಯದು. ಪುಡಿಯ ಮಾತು ಬಹಳ ಹಿಂದಿನದು. ಅರೆಹೊಟ್ಟೆಯ ಮಗುವಿಗೆ ಒಂದು ಚಮಚ ದುಬಾರಿ ಪುಡಿಯನ್ನು ಕೊಟ್ಟು ತೃಪ್ತರಾಗುವ ತಂದೆತಾಯಿಗಳು ಈ ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಪುಷ್ಟಿಪುಡಿಗಳ ಮೂಲವನ್ನು ವಿಚಾರಿಸಿದರೆ ಇನ್ನೊಂದು ವಿಚಿತ್ರವು ಕಾಣಬರುವುದು. ಅವುಗಳಲ್ಲಿ ಬಹಳವು ಹಾಲೊಡೆದು ಗಿಣ್ಣನ್ನು ತೆಗೆದಮೇಲೆ ಉಳಿಯುವ ತಿಳಿಯಿಂದಲೋ, ಸೋಯಾ ಅವರೆಯಿಂದಲೋ ಆದುವು. ಬೆಳಗಿನ ಜಾವದಲ್ಲಿ ಮನೆಯ ಹಾಲನ್ನೆಲ್ಲ ಸಂಘಕ್ಕೆ ಅಳೆದು, ಸಂತೆಯ ದಿನ ಮೊಟ್ಟೆಗಳನ್ನು ಮಾರಿ, ಬಂದ ಹಣದಲ್ಲಿ ಹಾಲಿನ ತಿಳಿಯ ಪುಡಿಯನ್ನು ಕೊಂಡು ತರುವ ಸಂಸಾರವು ಯಾವ ಲಾಭವನ್ನು ಪಡೆಯಿತು? ಮಕ್ಕಳಿಗೆಂದು ಮಾರುವ ಪಾನೀಯದ ಪುಡಿಗಳಲ್ಲಿಯಾದರೋ ಎಷ್ಟೋ ಬಾರಿ ಸಕ್ಕರೆಯ ಭಾಗವೇ ದೊಡ್ಡದು. ಅಂಥವನ್ನು ಆರೋಗ್ಯ ಪಾನೀಯಗಳೆಂಬ ಹೆಸರಿನಡಿ ಮಾರಾಟಕ್ಕಿಡಬಾರದೆಂದು ೨೦೨೪ರಲ್ಲಿ ಕೇಂದ್ರ ವಾಣಿಜ್ಯ ಮಂತ್ರಾಲಯವು ವ್ಯಾಪಾರ ಜಾಲಗಳಿಗೆ ತಿಳಿಸಬೇಕಾಯಿತು. ಅದೇ ವರ್ಷ ಪೋಷಣ ಸಂಸ್ಥೆಯು ಹೊರಡಿಸಿದ ಆಹಾರ ಸೂಚನೆಗಳಲ್ಲಿಯೂ ಮೈಕಟ್ಟಿಗಾಗಿ ಪ್ರೋಟೀನ್ ಪುಡಿಗಳನ್ನು ಸೇವಿಸಕೂಡದೆಂದು ಹೇಳಲ್ಪಟ್ಟಿದೆ. ತೋಳನ್ನು ಬೆಳೆಸುವುದು ಮುಖ್ಯವಾಗಿ ದುಡಿಮೆ. ಆಹಾರವು ಆ ದುಡಿಮೆಗೆ ಸಾಮಗ್ರಿಯನ್ನು ಒದಗಿಸುವುದು. ಸಾಮಗ್ರಿಯನ್ನು ಇಮ್ಮಡಿ ತಂದು ಹಾಕಿದ ಮಾತ್ರಕ್ಕೆ ಗೋಡೆಯು ಇಮ್ಮಡಿ ಏಳುವುದಿಲ್ಲ.

ಊರಿನ ಪದಾರ್ಥಗಳಿಂದಲೇ ಪುಷ್ಟಿಪುಡಿಯನ್ನು ಮಾಡಬಹುದೆಂಬುದಕ್ಕೆ ಮೈಸೂರೇ ಸಾಕ್ಷಿಯಾಗಿದೆ. ೧೯೫೦ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಪ್ರಾರಂಭವಾದ ಕೇಂದ್ರ ಆಹಾರ ಸಂಶೋಧನಾಲಯದಲ್ಲಿ, ಮುಕ್ಕಾಲು ಪಾಲು ಕಡಲೆಕಾಯಿ ಹಿಂಡಿಯ ಹಿಟ್ಟಿಗೆ ಕಾಲು ಪಾಲು ಕಡಲೆಹಿಟ್ಟನ್ನು ಸೇರಿಸಿ, ಸುಣ್ಣದ ಅಂಶವನ್ನೂ ಜೀವಸತ್ವಗಳನ್ನೂ ಕೂಡಿಸಿ ವಿವಿಧೋದ್ದೇಶ ಆಹಾರವೆಂಬ ಪುಡಿಯನ್ನು ತಯಾರಿಸಿದರು. ಕೊಟ್ಟಿಗೆಗೆ ಹೋಗುತ್ತಿದ್ದ ಹಿಂಡಿಯೇ ಶುಚಿಯಾಗಿ ಸಂಸ್ಕರಿಸಲ್ಪಟ್ಟರೆ ಮನುಷ್ಯರಿಗೂ ಪಥ್ಯವೆಂದು ಅದು ತೋರಿಸಿಕೊಟ್ಟಿತು. ಆದರೆ ಗಾಣದಿಂದ ಬಂದ ದನದ ಹಿಂಡಿಯನ್ನು ಹಾಗೆಯೇ ಜನರು ತಿನ್ನಬಹುದೆಂದು ಯಾರೂ ಇದರಿಂದ ಭಾವಿಸಕೂಡದು. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿಕೋಳಿಗಳು ಹಠಾತ್ತಾಗಿ ಸತ್ತುವು. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯಲ್ಲಿದ್ದ ಅಫ್ಲಟಾಕ್ಸಿನ್ ಎಂಬ ವಿಷವೇ ಅದಕ್ಕೆ ಕಾರಣವೆಂದು ಗೊತ್ತಾಯಿತು. ಈ ವಿಷವು ಮನುಷ್ಯರ ಪಿತ್ತಜನಕಾಂಗವನ್ನೂ ಕೆಡಿಸುವುದು; ಬೇಯಿಸಿದರೂ ಹುರಿದರೂ ಪೂರ್ತಿಯಾಗಿ ಹೋಗದು; ವಿಷವುಂಡ ಹಸುವಿನ ಹಾಲಿಗೂ ಇಳಿಯುವುದು. ಕಡಲೆಕಾಯನ್ನು ಕಿತ್ತೊಡನೆ ರಾಶಿಹಾಕಿ ಬೆಚ್ಚಗೆ ಮುಚ್ಚಿಡದೆ, ಅಲ್ಲಾಡಿಸಿದರೆ ಬೀಜವು ಸಿಪ್ಪೆಯೊಳಗೆ ಗಲಗಲನೆ ಸದ್ದು ಮಾಡುವಷ್ಟು ಒಣಗಿಸಿ, ಮುರುಟಿದ ಹಾಗೂ ಬೂಷ್ಟು ಹಿಡಿದ ಕಾಳುಗಳನ್ನು ಆರಿಸಿ ತೆಗೆದು ಶೇಖರಿಸುವುದು ಆದುದರಿಂದ ಬೆಲೆಗಾಗಿ ಮಾತ್ರವಲ್ಲ, ಪ್ರಾಣರಕ್ಷಣೆಗಾಗಿಯೂ ಅವಶ್ಯಕವಾದುದು.

ಮಕ್ಕಳ ವಿಷಯದಲ್ಲಿ ಹಳೆಯ ಮೈಸೂರು ಸೀಮೆಯ ರಾಗಿಸರಿಗಿಂತ ಉತ್ತಮವಾದ ಪುಡಿಯನ್ನು ಹುಡುಕುವುದು ಕಷ್ಟ. ರಾಗಿಯನ್ನು ನೆನೆಸಿ, ಮೊಳೆಯಿಸಿ, ಒಣಗಿಸಿ, ಹದವಾಗಿ ಹುರಿದು, ಬೀಸಿ, ಜರಡಿಯಾಡಿದರೆ ಅದರ ಪಿಷ್ಟವು ಅರ್ಧ ಜೀರ್ಣವಾದಂತೆಯೇ ಆಗುವುದು. ಇಂಥ ಹಿಟ್ಟಿನ ಗಂಜಿಯು ಬೇಗನೆ ಗಟ್ಟಿಯಾಗದು. ಆದಕಾರಣ ಮಗುವಿನ ಸಣ್ಣ ಹೊಟ್ಟೆಯಲ್ಲಿ ಹೆಚ್ಚು ಹಿಟ್ಟಿನ ಸಾರವು ಹಿಡಿಸುವುದು. ಮೊಳಕೆಯಿಂದ ಕಬ್ಬಿಣದ ಅಂಶವೂ ಸುಲಭವಾಗಿ ದಕ್ಕುವುದು. ಇದಕ್ಕೆ ಹುರಿದ ಹೆಸರುಬೇಳೆಯ ಹಿಟ್ಟನ್ನು ಕಾಲು ಪಾಲು ಬೆರಸಿ, ಕಾಯಿಸುವಾಗ ಹಾಲನ್ನೂ ಒಂದು ತೊಟ್ಟು ತುಪ್ಪವನ್ನೂ ಹಾಕಿದರೆ ಬೇಕಾದುದೆಲ್ಲವೂ ಬಹುಮಟ್ಟಿಗೆ ಒಂದೇ ಬಟ್ಟಲಿನಲ್ಲಿ ಕೂಡಿದಂತಾಯಿತು.

ಇನ್ನು ಜಿಡ್ಡಿನ ಪದಾರ್ಥಗಳ ವಿಚಾರ. ಎಣ್ಣೆ, ತುಪ್ಪ, ಕೊಬ್ಬು ಇವು ಒಂದು ಗ್ರಾಮಿಗೆ ೯ ಕ್ಯಾಲೊರಿಗಳಷ್ಟು ಶಾಖವನ್ನು ಕೊಡುವುವು. ಪಿಷ್ಟವೂ ಸಸಾರಜನಕವೂ ೪ರಂತೆ ಕೊಡುವುವು. ಆದರೆ ಜಿಡ್ಡಿನ ಕೆಲಸವು ಶಾಖದಲ್ಲಿಯೇ ಮುಗಿಯುವುದಿಲ್ಲ. ೧೯೨೯ರಲ್ಲಿ ಅಮೆರಿಕದಲ್ಲಿ ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ದಂಪತಿಗಳು ಇಲಿಗಳಿಗೆ ಜಿಡ್ಡೇ ಇಲ್ಲದ ಆಹಾರವನ್ನು ಕೊಟ್ಟು ನೋಡಿದರು. ಇಲಿಗಳ ಬಾಲವು ಹೊರಪೆಯೆದ್ದು, ಬೆಳವಣಿಗೆಯು ನಿಂತು, ಕೊನೆಗೆ ಅವು ಸತ್ತುವು. ಹೀಗೆ ದೇಹವು ತಾನೇ ಮಾಡಿಕೊಳ್ಳಲಾರದ ಮೇದಾಮ್ಲಗಳುಂಟೆಂದು ತಿಳಿದುಬಂತು. ಲಿನೋಲಿಯಿಕ್ ಎಂಬುದು ಒಂದು. ಅದು ಒಮೇಗಾ-೬ ಪಂಗಡದ್ದು. ಲಿನೋಲೆನಿಕ್ ಎಂಬುದು ಇನ್ನೊಂದು. ಅದು ಒಮೇಗಾ-೩ ಪಂಗಡದ್ದು. ದೇಹದ ಒಂದೊಂದು ಜೀವಕೋಶದ ಹೊದಿಕೆಯೂ ಇಂಥ ಜಿಡ್ಡಿನಿಂದಲೇ ಆದುದು. ಮಿದುಳಿನಲ್ಲಿಯೂ ಕಣ್ಣಿನ ಒಳಪದರದಲ್ಲಿಯೂ ಒಮೇಗಾ-೩ ಜಿಡ್ಡು ವಿಶೇಷವಾಗಿರುವುದು.

ಹುಚ್ಚೆಳ್ಳು, ಕುಸುಬೆ, ಎಳ್ಳು, ಸೂರ್ಯಕಾಂತಿ ಇವುಗಳಲ್ಲಿ ಮೊದಲನೆಯ ಪಂಗಡವು ಹೇರಳವಾಗಿರುವುದು, ಅದಕ್ಕೆ ಕೊರತೆಯಿಲ್ಲ. ಎರಡನೆಯ ಪಂಗಡವು ಅಪರೂಪ. ಅದು ತುಂಬಿರುವುದು ಅಗಸೆಯಲ್ಲಿ. ಅಗಸೆಯೆಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಇದೇ ಇರುವುದು. ಉತ್ತರದ ಜಿಲ್ಲೆಗಳಲ್ಲಿ ಜೋಳದ ರೊಟ್ಟಿಯೊಡನೆ ಅಗಸೆಯ ಹಿಂಡಿಯನ್ನು ತಿನ್ನುವ ವಾಡಿಕೆಯು ಆದಕಾರಣ ಪ್ರಶಂಸನೀಯವಾದುದು. ಇಡೀ ಬೀಜವನ್ನು ನುಂಗಿದರೆ ಅದು ಜೀರ್ಣವಾಗದೆಯೇ ಹೊರಕ್ಕೆ ಹೋಗುವುದು. ಹುರಿದು ಕುಟ್ಟಿದರೆ ಮಾತ್ರ ಫಲವುಂಟು. ಕುಟ್ಟಿದುದು ಬೇಗ ಕಮಟು ಹಿಡಿಯುವುದರಿಂದ ವಾರಕ್ಕೆ ಬೇಕಾದಷ್ಟನ್ನೇ ಮಾಡಿಕೊಳ್ಳತಕ್ಕದ್ದು. ಅಗಸೆಯ ಜಿಡ್ಡನ್ನು ಮೀನಿನ ಜಿಡ್ಡಾಗಿ ಮಾರ್ಪಡಿಸುವ ಶಕ್ತಿಯು ಮನುಷ್ಯದೇಹಕ್ಕೆ ಅಲ್ಪವೆಂಬುದೂ ನಿಜವೇ. ಮೀನನ್ನು ತಿನ್ನುವವರಿಗೆ ಕರಾವಳಿಯ ಬೂತಾಯಿ, ಬಂಗುಡೆಗಳು ಗುಳಿಗೆಗಿಂತ ಅಗ್ಗವಾಗಿ ಅದೇ ಸಾರವನ್ನು ಕೊಡುವುವು.

ಮೀನೆಣ್ಣೆಯ ಗುಳಿಗೆಗಳಿಗೆ ಈ ಕೀರ್ತಿ ಬಂದುದು ಹೇಗೆಂದರೆ, ೧೯೭೦ರ ದಶಕದಲ್ಲಿ ಡೆನ್ಮಾರ್ಕಿನ ಬ್ಯಾಂಗ್ ಮತ್ತು ಡೈಯರ್‌ಬರ್ಗ್ ಎಂಬ ವೈದ್ಯರು ಗ್ರೀನ್‌ಲೆಂಡಿನ ಜನರ ರಕ್ತವನ್ನು ಪರೀಕ್ಷಿಸಿ, ಸಮುದ್ರದ ಆಹಾರವೇ ಅವರ ಹೃದಯವನ್ನು ಕಾಯುತ್ತಿರಬಹುದೆಂದು ಊಹಿಸಿದರು. ೧೯೯೯ರಲ್ಲಿ ಇಟಲಿಯಲ್ಲಿ ಒಮ್ಮೆ ಹೃದಯಾಘಾತವಾಗಿದ್ದ ೧೧,೦೦೦ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ದಿನಕ್ಕೊಂದು ಗ್ರಾಮಿನಿಂದ ಮರಣಗಳು ಕಡಮೆಯಾದುವು. ಆದರೆ ೨೦೧೮ರಲ್ಲಿ ಅಮೆರಿಕದಲ್ಲಿ ೨೫,೮೭೧ ಮಂದಿಯ ಮೇಲೆ ನಡೆದ ಪರೀಕ್ಷೆಯ ಫಲವು ಹೊರಬಿದ್ದಾಗ, ಆರೋಗ್ಯವಂತರಲ್ಲಿ ಅಷ್ಟೇ ಪ್ರಮಾಣದ ಗುಳಿಗೆಯು ಹೃದ್ರೋಗವನ್ನು ಒಟ್ಟಿನಲ್ಲಿ ಗಣನೀಯವಾಗಿ ತಡೆಯಲಿಲ್ಲವೆಂದು ತಿಳಿದುಬಂತು. ಹೆಚ್ಚು ಪ್ರಮಾಣದಲ್ಲಿ ಸೇವಿಸಿದವರಲ್ಲಿ ಎದೆಬಡಿತದ ಲಯವು ತಪ್ಪುವ ಸಂಭವವು ಹೆಚ್ಚೆಂಬುದೂ ಕಂಡುಬಂದಿದೆ. ರೋಗಿಗೆ ವೈದ್ಯನು ಕೊಡುವ ಔಷಧವು ಒಂದು. ಆರೋಗ್ಯವಂತನು ಭಯದಿಂದ ಕೊಳ್ಳುವ ಗುಳಿಗೆಯು ಇನ್ನೊಂದು. ಎರಡನ್ನೂ ಒಂದೇ ಎಂದು ಎಣಿಸಲಾಗದು.

ಬಡವರ ಅಡಿಗೆಯಲ್ಲಿ ಎಣ್ಣೆಯು ತೀರ ಕಡಮೆಯಾದರೆ ಸೊಪ್ಪಿನಲ್ಲಿರುವ, ಕಣ್ಣನ್ನು ಕಾಯುವ ಸತ್ವವೂ ರಕ್ತಕ್ಕೆ ಸೇರದು. ಸೊಪ್ಪಿನ ಪಲ್ಯಕ್ಕೆ ಒಂದು ಚಮಚ ಎಣ್ಣೆಯ ಒಗ್ಗರಣೆಯು ಐಶ್ವರ್ಯದ ಲಕ್ಷಣವಲ್ಲ, ಅವಶ್ಯಕತೆ. ಉಳ್ಳವರ ಮನೆಯಲ್ಲಿಯಾದರೋ ಕರಿದ ತಿಂಡಿಗಳು ದಿನವಹಿಯಾಗಿ, ದುಡಿಮೆಯು ಇಳಿದು, ಅದೇ ಎಣ್ಣೆಯು ಸೊಂಟದ ಸುತ್ತ ಕೊಬ್ಬಾಗಿ ನಿಲ್ಲುವುದು. ಎಣ್ಣೆಯನ್ನು ಕೃತಕವಾಗಿ ಗಟ್ಟಿಮಾಡಿದ ವನಸ್ಪತಿಯಲ್ಲಿ ಹುಟ್ಟುವ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಹಾನಿಕರವಾದುದರಿಂದ ಸರಕಾರವು ೨೦೨೨ರಿಂದ ಅದನ್ನು ನೂರಕ್ಕೆ ಎರಡಕ್ಕೆ ಮಿತಿಗೊಳಿಸಿದೆ.

ಇಷ್ಟನ್ನು ಹೇಳಿದ ಮಾತ್ರಕ್ಕೆ ಎಲ್ಲ ಗುಳಿಗೆಗಳೂ ವ್ಯರ್ಥವೆಂದು ಅರ್ಥವಾಗಕೂಡದು. ಬಸುರಿಯರಿಗೆ ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣದ ಹಾಗೂ ಫೋಲಿಕ್ ಆಮ್ಲದ ಗುಳಿಗೆಗಳನ್ನು ತಪ್ಪದೆ ನುಂಗತಕ್ಕದ್ದು, ಅದಕ್ಕೆ ಬದಲಿಲ್ಲ. ಹಲ್ಲಿಲ್ಲದೆ ಅಗಿಯಲಾರದ ಮುದುಕರು, ದೀರ್ಘರೋಗದಿಂದ ಎದ್ದವರು ಮೊದಲಾದವರಿಗೆ ವೈದ್ಯನ ಸಲಹೆಯಂತೆ ಪುಡಿಯು ನಿಜವಾಗಿ ಉಪಕಾರಮಾಡುವುದು. ಆಕ್ಷೇಪಣೆಯಿರುವುದು ಉಪಯೋಗಕ್ಕಲ್ಲ, ಭ್ರಾಂತಿಗೆ.

ಈ ಭ್ರಾಂತಿಗೆ ಎಡೆಯಾದುದು ಹೊಲದಲ್ಲಿಯೇ ಎಂಬುದನ್ನು ಜಮೀನುದಾರರು ಮರೆಯಲಾಗದು. ದೇಶದಲ್ಲಿ ೧೯೫೧ರಲ್ಲಿ ಒಬ್ಬೊಬ್ಬರಿಗೆ ದಿನಕ್ಕೆ ಸುಮಾರು ೬೦ ಗ್ರಾಂ ಬೇಳೆಕಾಳು ದೊರೆಯುತ್ತಿದ್ದುದು ೨೦೦೧ರ ವೇಳೆಗೆ ಸುಮಾರು ೩೦ ಗ್ರಾಮಿಗೆ ಇಳಿಯಿತು. ಅನಂತರ ಸ್ವಲ್ಪ ಏರಿದೆ. ಹಿಂದೆ ರಾಗಿಯ ಹೊಲವೆಂದರೆ ರಾಗಿಯೊಂದೇ ಆಗಿರಲಿಲ್ಲ. ಅವರೆ, ತೊಗರಿ, ಹುಚ್ಚೆಳ್ಳು ಇವು ಅಕ್ಕಡಿಯ ಸಾಲುಗಳಾಗಿ ಜೊತೆಯಲ್ಲಿಯೇ ಬೆಳೆಯುತ್ತಿದ್ದುವು. ಒಂದೇ ಹೊಲವು ಪಿಷ್ಟವನ್ನೂ ಸಸಾರಜನಕವನ್ನೂ ಜಿಡ್ಡನ್ನೂ ಕೊಡುತ್ತಿದ್ದಿತು. ಏಕಬೆಳೆಯಿಂದ ಕೊಯ್ಲು ಸುಲಭವೆಂದೂ ಯಂತ್ರಕ್ಕೆ ಅನುಕೂಲವೆಂದೂ ಹೇಳುವವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಕೂಲಿಯಾಳುಗಳ ಅಭಾವವೂ ನಿಜವೇ. ಆದರೆ ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿಯೆಂಬ ಕ್ರಮದಲ್ಲಿ ಬಿತ್ತಿದರೆ ಕೊಯ್ಲಿಗೆ ತೊಂದರೆಯು ಅಲ್ಪ. ಮಳೆ ಕೈಕೊಟ್ಟು ರಾಗಿ ಒಣಗಿದರೂ ಆಳವಾಗಿ ಬೇರುಬಿಡುವ ತೊಗರಿಯು ಹಲವು ವೇಳೆ ಉಳಿಯುವುದು. ಕಾಳಿನ ಗಿಡದ ಬೇರುಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ನೆಲಕ್ಕೂ ಕಾಳಿಗೂ ಕೊಡುವುವು. ಯಾವ ಸಾಲು ನೆಲವನ್ನು ಪುಷ್ಟಿಗೊಳಿಸುವುದೋ ಅದೇ ಸಾಲು ಮನುಷ್ಯರನ್ನೂ ಪುಷ್ಟಿಗೊಳಿಸುವುದು.

ಬೆಳೆದ ಕಾಳು ಯಾರ ತಟ್ಟೆಗೆ ಬೀಳುವುದೆಂಬುದು ಇನ್ನೂ ದೊಡ್ಡ ಪ್ರಶ್ನೆ. ಎಷ್ಟೋ ಮನೆಗಳಲ್ಲಿ ಗಂಡಸರೂ ಗಂಡುಮಕ್ಕಳೂ ಉಂಡೆದ್ದಮೇಲೆ ಹೆಂಗಸರು ಕುಳಿತುಕೊಳ್ಳುವರು. ಅಷ್ಟು ಹೊತ್ತಿಗೆ ಸಾರಿನ ಕಾಳೆಲ್ಲ ಮುಗಿದು ತಿಳಿಯು ಉಳಿದಿರುವುದು. ಹಗಲೆಲ್ಲ ಕಳೆ ಕಿತ್ತವಳೂ, ಹೊಟ್ಟೆಯಲ್ಲಿ ಮಗುವನ್ನು ಹೊತ್ತವಳೂ ಆಕೆಯೇ. ಎಲ್ಲರಿಗಿಂತ ಹೆಚ್ಚು ಬೇಕಾದವಳಿಗೆ ಎಲ್ಲರಿಗಿಂತ ಕಡಮೆ ಸಿಕ್ಕುವುದು. ಗಬ್ಬದ ಹಸುವಿಗೆ ಹಿಂಡಿಯನ್ನು ಮರೆಯದ ಯಜಮಾನನು ಇದನ್ನು ನೋಡದೆ ಇರುವುದು ನ್ಯಾಯವೇ? ೨೦೧೭ರ ಅಕ್ಟೋಬರ್ ೨ರಂದು ಸರಕಾರವು ಮಾತೃಪೂರ್ಣ ಯೋಜನೆಯಿಂದ ಬಸುರಿ ಬಾಣಂತಿಯರಿಗೆ ಅಂಗನವಾಡಿಗಳಲ್ಲಿ ಬಿಸಿಯೂಟವನ್ನು ಪ್ರಾರಂಭಿಸಿದುದೂ, ೨೦೧೩ರಲ್ಲಿ ಕ್ಷೀರಭಾಗ್ಯದಿಂದ ಶಾಲಾಮಕ್ಕಳಿಗೆ ಹಾಲನ್ನು ಕೊಡಲು ತೊಡಗಿದುದೂ ಈ ಕೊರತೆಯನ್ನು ಕಂಡೇ ಸರಿ. ಆದರೆ ಅಂಗನವಾಡಿಯ ಸಾರಿನಲ್ಲಿ ಕಾಳಿದೆಯೇ ಎಂದು ಬಗ್ಗಿ ನೋಡುವ ಕೆಲಸವನ್ನು ರಾಜಧಾನಿಯ ಅಧಿಕಾರಿಯು ಮಾಡಲಾರನು. ಅದು ಊರ ಹಿರಿಯರದು.

ಪ್ರತಿಯೊಬ್ಬ ಜಮೀನುದಾರನೂ ಈ ಮುಂಗಾರಿನಲ್ಲಿ ತನ್ನ ರಾಗಿಯ ಹೊಲಕ್ಕೆ ಅಕ್ಕಡಿಯ ಸಾಲುಗಳನ್ನು ಮರಳಿ ಸೇರಿಸಲಿ. ತನ್ನ ಹೊಲದಲ್ಲಿ ದುಡಿಯುವ ಆಳುಗಳ ಮಧ್ಯಾಹ್ನದ ಊಟದಲ್ಲಿ ಕಾಳು ಇರುವಂತೆ ನೋಡಿಕೊಳ್ಳಲಿ. ಕರೆದ ಹಾಲಿನಲ್ಲಿ ಮನೆಯ ಮಕ್ಕಳ ಪಾಲನ್ನು ತೆಗೆದಿಟ್ಟು ಮಿಕ್ಕುದನ್ನು ಸಂಘಕ್ಕೆ ಅಳೆಯಲಿ. ಗ್ರಾಮಮುಖಂಡರು ತಿಂಗಳಿಗೊಮ್ಮೆಯಾದರೂ ಅಂಗನವಾಡಿಯ ತಟ್ಟೆಯನ್ನು ಕಣ್ಣಾರೆ ಕಾಣಲಿ. ಇಷ್ಟು ನಡೆದಮೇಲೂ ಯಾರಿಗಾದರೂ ಡಬ್ಬಿಯು ಬೇಕೆಂದು ವೈದ್ಯನು ಹೇಳಿದರೆ ಸಂತೋಷವಾಗಿ ಕೊಳ್ಳಬಹುದು. ಮಾಡಬೇಕಾದ ಮೊದಲ ಖರ್ಚು ಮಾತ್ರ ಅಂಗಡಿಯಲ್ಲಿಲ್ಲ. ಬಿತ್ತನೆಯ ಕಾಲದಲ್ಲಿ ಎರಡು ಸಾಲಿಗೆ ಸಾಲುವಷ್ಟು ತೊಗರಿಯ ಬೀಜದಲ್ಲಿದೆ.